ಗುಡ್ಡದಲ್ಲಿ ಮಳೆ, ಬೈಲಿನಲ್ಲಿ ನೆರೆ: ಮಂಗಳೂರಿನಂಥ ಊರಿಗೆ ನೆರೆ ನಕ್ಷೆ ಮಾಡುವುದು ಹೇಗೆ?

ಮಂಗಳೂರಿನಲ್ಲಿ ಜೂನ್ ಬಂತೆಂದರೆ ಪೇಪರಿನಲ್ಲಿ ಒಂದು ತಲೆಬರಹ ಖಾಯಂ: ಕೃತಕ ನೆರೆ. ಒಂದು ದಿನ ಕೊಟ್ಟಾರ ಚೌಕಿ, ಇನ್ನೊಂದು ದಿನ ಪಂಪ್‌ವೆಲ್, ಆಮೇಲೆ ಜೆಪ್ಪಿನಮೊಗರು. ಹೊರಗಿನವರಿಗೆ ಇದು ಅರ್ಥವೇ ಆಗುವುದಿಲ್ಲ. ಊರು ಪೂರ್ತಿ ಏರು, ಇಳಿತ. ಉತ್ತರಕ್ಕೆ ಗುರುಪುರ ನದಿ, ದಕ್ಷಿಣಕ್ಕೆ ನೇತ್ರಾವತಿ, ಪಶ್ಚಿಮಕ್ಕೆ ಸಮುದ್ರ. ಇಷ್ಟೆಲ್ಲ ಇದ್ದೂ ನೀರಿಗೆ ಹೋಗಲು ದಾರಿ ಇಲ್ವಾ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 2018ರ ಮೇ 29ರಂದು, ಮುಂಗಾರು ಕೇರಳಕ್ಕೆ ಬಂತು ಎಂದು ಹವಾಮಾನ ಇಲಾಖೆ ಹೇಳಿದ ಅದೇ ದಿನ, ಮಂಗಳೂರಿನ ತಗ್ಗು ಜಾಗಗಳೆಲ್ಲ ಮುಳುಗಿದ್ದವು. ಅದು ನದಿ ಉಕ್ಕಿ ಬಂದ ನೀರಲ್ಲ. ಊರಿನ ಮೇಲೇ ಬಿದ್ದ ಮಳೆ.

ಬಂಟ್ವಾಳ, ಉಪ್ಪಿನಂಗಡಿ ಕಡೆಯ ಹಿರಿಯರು ಈಗಲೂ ಹೇಳುವ 1974ರ ನೆರೆ ಬೇರೆ ಜಾತಿಯದ್ದು. ಅಲ್ಲಿ ಘಟ್ಟದ ಮೇಲೆ ದಿನಗಟ್ಟಲೆ ಮಳೆ ಸುರಿದು, ನದಿ ನಿಧಾನವಾಗಿ ಏರಿ, ದಂಡೆ ದಾಟಿ ಒಳಗೆ ಬರುತ್ತದೆ. ಸಾಮಾನು ಅಟ್ಟಕ್ಕೆ ಹಾಕುವಷ್ಟು ಹೊತ್ತಾದರೂ ಸಿಗುತ್ತದೆ. ಗುಡ್ಡದ ಊರಿನ ನೆರೆಗೆ ಅಷ್ಟು ತಾಳ್ಮೆ ಇಲ್ಲ. ಇವೆರಡನ್ನೂ ಒಂದೇ ನಕ್ಷೆಯಲ್ಲಿ, ಒಂದೇ ಲೆಕ್ಕದಲ್ಲಿ ತೋರಿಸಲು ಹೋದರೆ ಕೆಲಸ ಕೆಡುತ್ತದೆ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿದ್ದ ಮೇಲೆ ದೇಶಕ್ಕೂ ಇದು ಅರ್ಥವಾಯಿತು. 2010ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ನಗರದ ನೆರೆಗೆಂದೇ ಪ್ರತ್ಯೇಕ ಮಾರ್ಗಸೂಚಿ ತಂದಿತು.

ಈಗ ನಕ್ಷೆಯ ವಿಷಯ. ನೆರೆ ನಕ್ಷೆ ಅಂದಾಗ ಜನ ಸಾಮಾನ್ಯವಾಗಿ ಎರಡು ನಕ್ಷೆಗಳನ್ನು ಕಲಸಿಬಿಡುತ್ತಾರೆ. ಒಂದು, ನೀರು ಎಲ್ಲಿ, ಎಷ್ಟು ಆಳ, ಎಷ್ಟು ವೇಗ, ಎಷ್ಟು ಹೊತ್ತು ಎಂದು ತೋರಿಸುವುದು. ಇದನ್ನು ನೀರಿನ ನಕ್ಷೆ ಅನ್ನೋಣ. ಇನ್ನೊಂದು, ಆ ನೀರಿನಿಂದ ಯಾರಿಗೆ, ಏನು ಪೆಟ್ಟು ಎಂದು ತೋರಿಸುವುದು. ಇದು ನಷ್ಟದ ನಕ್ಷೆ. ಯಾರೂ ಇಲ್ಲದ ಗದ್ದೆಯಲ್ಲಿ ಎದೆಮಟ್ಟ ನೀರು ನಿಂತರೆ ಮೊದಲನೆಯದರಲ್ಲಿ ಕಡು ನೀಲಿ, ಎರಡನೆಯದರಲ್ಲಿ ಹೆಚ್ಚುಕಡಿಮೆ ಬಿಳಿ. ಆಸ್ಪತ್ರೆಯ ನೆಲಮಾಳಿಗೆಗೆ ಮೊಣಕಾಲಿನಷ್ಟು ನೀರು ನುಗ್ಗಿ ಜನರೇಟರ್ ಕೆಟ್ಟರೆ ಮೊದಲನೆಯದರಲ್ಲಿ ತಿಳಿ ನೀಲಿ, ಎರಡನೆಯದರಲ್ಲಿ ಕೆಂಪು. ಗುಡ್ಡದ ಊರಿಗೆ ಇವೆರಡೂ ಸಾಲದು, ಮೂರನೆಯದೂ ಒಂದು ಬೇಕು ಎಂಬುದು ನನ್ನ ವಾದ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನೆಲ ನೋಡಿ. ಮಂಗಳೂರಿನ ಗುಡ್ಡಗಳು ಮುರಕಲ್ಲಿನವು, ಅಂದರೆ ತೂತು ತೂತಾದ ಕೆಂಪು ಕಲ್ಲಿನವು (ಲ್ಯಾಟರೈಟ್). ಎಷ್ಟೋ ಗುಡ್ಡಗಳ ತಲೆ ಚಪ್ಪಟೆ, ಬದಿ ಕಡಿದಾದದ್ದು. ವಿಮಾನ ನಿಲ್ದಾಣ ಇರುವುದೇ ಅಂಥ ಗುಡ್ಡದ ತಲೆಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದಲ್ಲಿ. ಗುಡ್ಡ ಗುಡ್ಡಗಳ ನಡುವೆ ಇಕ್ಕಟ್ಟಾದ ಬೈಲು. ಬೈಲಿನ ನಡುವೆ ಒಂದು ತೋಡು, ಅಂದರೆ ಸಣ್ಣ ಹಳ್ಳ. ತೋಡುಗಳೆಲ್ಲ ಸೇರಿ ರಾಜಕಾಲುವೆ, ಅಲ್ಲಿಂದ ಗುರುಪುರ ನದಿಗೋ ನೇತ್ರಾವತಿಗೋ. ಎರಡೂ ನದಿಗಳು ಬೆಂಗ್ರೆ ಎಂಬ ಮರಳಿನ ಪಟ್ಟಿಯ ಹಿಂದೆ ಕೂಡಿ ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೆಂಗಳೂರಿಗೆ ಇಡೀ ವರ್ಷದಲ್ಲಿ ಬೀಳುವುದು 1,000 ಮಿ.ಮೀ. ಆಸುಪಾಸು.

ಗುಡ್ಡದ ಊರಿನ ಲೆಕ್ಕದಲ್ಲಿ ಮೊದಲು ಬರುವುದು ಸಮಯ. ಗುಡ್ಡದ ತುದಿಯಲ್ಲಿ ಬಿದ್ದ ಹನಿ ಕೆಳಗಿನ ಮೋರಿಗೆ ತಲುಪಲು ಎಷ್ಟು ಹೊತ್ತು ಬೇಕು? ಇದಕ್ಕೆ ಕಿರ್ಪಿಚ್ ಸೂತ್ರ ಅಂತ ಒಂದು ಹಳೆಯ, ಒರಟು ಲೆಕ್ಕ ಇದೆ. ಎರಡು ಕಿಲೋಮೀಟರ್ ದೂರ, 60 ಮೀಟರ್ ಇಳಿತ ಅಂತ ಹಾಕಿದರೆ ಉತ್ತರ ಸುಮಾರು 26 ನಿಮಿಷ. ಅಷ್ಟೇ ದೂರಕ್ಕೆ ಇಳಿತ ಬರೀ ಆರು ಮೀಟರ್ ಇದ್ದರೆ ಒಂದು ಗಂಟೆಯ ಮೇಲಾಗುತ್ತದೆ. ಹಾಗಾಗಿ ಇಲ್ಲಿ ಇಡೀ ದಿನ ಎಷ್ಟು ಮಳೆ ಬಿತ್ತು ಅನ್ನುವುದಕ್ಕಿಂತ ಯಾವ ಅರ್ಧ ಗಂಟೆಯಲ್ಲಿ ಎಷ್ಟು ಸುರಿಯಿತು ಅನ್ನುವುದೇ ಮುಖ್ಯ. ಹವಾಮಾನ ಇಲಾಖೆ 24 ಗಂಟೆಯಲ್ಲಿ 204.4 ಮಿ.ಮೀ. ದಾಟಿದರೆ ಅತ್ಯಂತ ಭಾರೀ ಮಳೆ ಎನ್ನುತ್ತದೆ. ಆದರೆ ಅದೇ 205 ಮಿ.ಮೀ. ಹಗಲು ರಾತ್ರಿ ಜಿಟಿಜಿಟಿ ಸುರಿದರೆ ತೋಡು ತಡೆದುಕೊಳ್ಳಬಹುದು. ಬರೀ 60 ಮಿ.ಮೀ. ಒಂದೇ ಗಂಟೆಯಲ್ಲಿ ಸುರಿದರೆ ತಡೆಯಲಿಕ್ಕಿಲ್ಲ.

ಆ 60ನ್ನೇ ಹಿಡಿದು ಒಂದು ಲೆಕ್ಕ ಮಾಡೋಣ. ಒಂದು ಚದರ ಕಿಲೋಮೀಟರ್ ಗುಡ್ಡ. ಮರ, ಪೊದೆ, ಹುಲ್ಲು ಇದೆ, ಬಿದ್ದ ಮಳೆಯಲ್ಲಿ 40% ಮಾತ್ರ ಮೇಲಿಂದ ಹರಿದು ಹೋಗುತ್ತದೆ ಅಂತಿಟ್ಟುಕೊಳ್ಳಿ. ಗಂಟೆಗೆ 60 ಮಿ.ಮೀ. ಲೆಕ್ಕದ ಮಳೆಗೆ ಕೆಳಗೆ ಬರುವ ನೀರು ಸೆಕೆಂಡಿಗೆ ಸುಮಾರು 6,700 ಲೀಟರ್. ಈಗ ಅದೇ ಗುಡ್ಡವನ್ನು ಕಡಿದು, ಸಮತಟ್ಟು ಮಾಡಿ, ಮನೆ, ಅಪಾರ್ಟ್‌ಮೆಂಟ್, ಕಾಂಕ್ರೀಟ್ ರಸ್ತೆ, ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿ, 90% ನೀರು ಹರಿದು ಹೋಗುವ ಹಾಗೆ ಮಾಡಿದ್ದೇವೆ. ಮಳೆ ಅಷ್ಟೇ. ಕೆಳಗೆ ಬರುವುದು ಸೆಕೆಂಡಿಗೆ 15,000 ಲೀಟರ್. ಕೆಳಗಿನ ತೋಡು ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಆಳ. ನೀರು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಓಡಿದರೆ ಅದರಲ್ಲಿ ಹಿಡಿಯುವುದು ಸೆಕೆಂಡಿಗೆ 6,000 ಲೀಟರ್. ಹಿಂದೆ ಅಷ್ಟಿಷ್ಟು ಉಕ್ಕುತ್ತಿತ್ತು, ಪಕ್ಕದ ಗದ್ದೆಯಲ್ಲಿ ಹರಡುತ್ತಿತ್ತು, ಯಾರಿಗೂ ಸುದ್ದಿಯಲ್ಲ. ಈಗ ಸೆಕೆಂಡಿಗೆ 9,000 ಲೀಟರ್ ರಸ್ತೆಗೆ ಬರುತ್ತದೆ. ಗದ್ದೆಗೆ ಮಣ್ಣು ತುಂಬಿಸಿ ಅಲ್ಲೂ ಕಟ್ಟಡ ಎದ್ದಿದೆ. ತೋಡಿನ ತಳದಲ್ಲಿ ಒಂದಡಿ ಹೂಳು ಇದ್ದರಂತೂ ಜಾಗದಲ್ಲೇ ಐದರಲ್ಲೊಂದು ಪಾಲು ಹೋಯಿತು.

ಹಾಗಾದರೆ ಮೊದಲು ಮುಳುಗುವುದು ಎಲ್ಲಿ? ಅತ್ಯಂತ ತಗ್ಗಿನಲ್ಲಿ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟೋ ಸಲ ಅದು ಸರಿಯಲ್ಲ. ಗುಡ್ಡದ ಬುಡ, ಅಂದರೆ ಕಡಿದಾದ ಇಳಿಜಾರು ಮುಗಿದು ಸಪಾಟು ಶುರುವಾಗುವ ಗೆರೆ ಮೊದಲು ಸಿಕ್ಕಿಹಾಕಿಕೊಳ್ಳುತ್ತದೆ. ಚರಂಡಿಯ ಇಳಿಜಾರು ನೂರು ಮೀಟರಿಗೆ ನಾಲ್ಕು ಮೀಟರ್ ಇದ್ದದ್ದು ಒಮ್ಮೆಲೇ ಕಾಲು ಮೀಟರಿಗೆ ಇಳಿದರೆ, ಅಷ್ಟೇ ಆಳದ ನೀರಿನ ವೇಗ ನಾಲ್ಕರಲ್ಲೊಂದಾಗುತ್ತದೆ. ಹಿಂದಿನಿಂದ ಬರುವ ನೀರು ಮಾತ್ರ ಕಮ್ಮಿಯಾಗುವುದಿಲ್ಲ. ಅಂದರೆ ಆ ಜಾಗದಲ್ಲಿ ಚರಂಡಿ ನಾಲ್ಕು ಪಟ್ಟು ದೊಡ್ಡದಿರಬೇಕು. ಎಲ್ಲಿರುತ್ತದೆ? ಅಲ್ಲೇ ಒಂದು ಮೋರಿ, ಮೋರಿಯೊಳಗೆ ಅಡ್ಡಡ್ಡ ಹಾದುಹೋದ ನೀರಿನ ಪೈಪು, ಕೇಬಲ್ಲು, ಅದಕ್ಕೆ ಸಿಕ್ಕಿಕೊಂಡ ಬಾಟಲಿ, ತೆಂಗಿನ ಗರಿ, ಥರ್ಮೋಕೋಲು. ವೇಗ ಇಳಿದ ಕೂಡಲೇ ನೀರು ಹೊತ್ತು ತಂದ ಕೆಂಪು ಮಣ್ಣು ಕೂಡ ಅಲ್ಲೇ ಕೂರುತ್ತದೆ. ಗುಡ್ಡದ ಊರಿನ ನಕ್ಷೆಯಲ್ಲಿ ನಾನು ಮೊದಲು ಹುಡುಕುವುದು ಈ ಗೆರೆಯನ್ನು. ಅದು ಇಲ್ಲದ ನಕ್ಷೆ ಬಯಲುಸೀಮೆಯ ಊರಿಗೆ ಮಾಡಿದ ನಕ್ಷೆ.

ಇನ್ನೊಂದು ಅಪಾಯ ನೀರಿನ ಜೊತೆಯಲ್ಲೇ ಬರುತ್ತದೆ. ಮುರಕಲ್ಲಿನ ಕೆಳಗೆ ಶೇಡಿ ಮಣ್ಣು ಇರುತ್ತದೆ, ಬಿಳಿಯೋ ಹಳದಿಯೋ ಬಣ್ಣದ ನುಣುಪು ಮಣ್ಣು. ಒಣಗಿದ್ದಾಗ ಗಟ್ಟಿ. ನೀರು ಕುಡಿದರೆ ಕಾಲಿಗೆ ಬಲವಿಲ್ಲ. ಮೇಲಿನ ಮುರಕಲ್ಲು ಸ್ಪಂಜಿನ ಹಾಗೆ ತೂತು ತೂತಾಗಿರುವುದರಿಂದ ಮಳೆನೀರು ಸೀದಾ ಕೆಳಗಿಳಿದು ಶೇಡಿಯವರೆಗೆ ಬರುತ್ತದೆ. ಗುಡ್ಡವನ್ನು ನೆಟ್ಟಗೆ ಕಡಿದಲ್ಲಿ ಈ ಶೇಡಿ ಬಯಲಾಗಿರುತ್ತದೆ, ಅಲ್ಲೇ ಗುಡ್ಡ ಜರಿಯುವುದು. ಜರಿದ ಮಣ್ಣು ತೋಡಿಗೆ ಬಿದ್ದರೆ ಕ್ಷಣದಲ್ಲಿ ತೋಡು ಬಂದ್. ನೀರು ಇದುವರೆಗೆ ಕಾಣದ ದಾರಿ ಹಿಡಿಯುತ್ತದೆ. ಗುಡ್ಡ ಕುಸಿತದ ನಕ್ಷೆ ಒಂದು ಇಲಾಖೆ, ನೆರೆಯ ನಕ್ಷೆ ಇನ್ನೊಂದು ಇಲಾಖೆ ಅಂತ ಬೇರೆ ಬೇರೆ ಕಪಾಟಿನಲ್ಲಿಟ್ಟರೆ ಈ ಕೊಂಡಿ ಯಾರಿಗೂ ಕಾಣುವುದಿಲ್ಲ. ಬ್ರೆಜಿಲಿನ ಪೆಟ್ರೋಪೊಲಿಸ್ ಎಂಬ ಗುಡ್ಡದ ಊರಿನಲ್ಲಿ 2022ರ ಫೆಬ್ರವರಿ 15ರಂದು ಕೆಲವೇ ಗಂಟೆಯ ಮಳೆಗೆ 230ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಬೀದಿಯಲ್ಲಿ ನುಗ್ಗಿದ ನೀರು, ಮೇಲಿಂದ ಜರಿದ ಮಣ್ಣು ಎರಡೂ ಒಟ್ಟಿಗೆ ಬಂದಿದ್ದವು.

ನಕ್ಷೆಗೆ ಬೇಕಾದ ಮೊದಲ ಸಾಮಾನು ನೆಲದ ಎತ್ತರದ ಲೆಕ್ಕ. ಪುಕ್ಕಟೆ ಸಿಗುವುದು ಉಪಗ್ರಹದ್ದು ಅಥವಾ ಬಾಹ್ಯಾಕಾಶ ನೌಕೆಯದ್ದು. ಜಗತ್ತೆಲ್ಲ ಬಳಸುವ ಎಸ್‌ಆರ್‌ಟಿಎಂ ದತ್ತಾಂಶ 2000ನೇ ಇಸವಿಯ ಫೆಬ್ರವರಿಯಲ್ಲಿ ನೌಕೆಯೊಂದು 11 ದಿನ ಭೂಮಿ ಸುತ್ತಿ ಅಳೆದದ್ದು. ನಮ್ಮ ಇಸ್ರೋದ ಕಾರ್ಟೊಸ್ಯಾಟ್ ದತ್ತಾಂಶ ಭುವನ್ ತಾಣದಲ್ಲಿ ಸಿಗುತ್ತದೆ. ಎರಡರಲ್ಲೂ ನೆಲವನ್ನು ಸುಮಾರು 30 ಮೀಟರ್ ಚೌಕಗಳಾಗಿ ಮಾಡಿ, ಚೌಕಕ್ಕೊಂದು ಎತ್ತರ ಕೊಟ್ಟಿರುತ್ತಾರೆ. ಮೂರು ಮೀಟರ್ ಅಗಲದ ತೋಡು ಈ ಚೌಕದೊಳಗೆ ಕಾಣದೇ ಹೋಗುತ್ತದೆ.

ಕರಾವಳಿಯಲ್ಲಿ ಇದಕ್ಕೊಂದು ತಮಾಷೆಯ ತೊಂದರೆ ಇದೆ. ಉಪಗ್ರಹ ಮೇಲಿಂದ ನೋಡುತ್ತದೆ, ಅಲ್ವಾ? ಅದಕ್ಕೆ ಕಾಣುವುದು ನೆಲವಲ್ಲ, ತೆಂಗಿನ ಮರದ ತಲೆ. ತೋಡಿನ ಬದಿಯ ತೆಂಗಿನ ತೋಟ ದತ್ತಾಂಶದಲ್ಲಿ ಹತ್ತು ಹದಿನೈದು ಮೀಟರ್ ಎತ್ತರದ ದಿಬ್ಬವಾಗಿ ಕೂತಿರುತ್ತದೆ. ಕಂಪ್ಯೂಟರಿಗೆ ಬಿಟ್ಟರೆ ನೀರು ಆ 'ದಿಬ್ಬ' ಸುತ್ತಿಕೊಂಡು ಹೋಗಿ, ಮರವಿಲ್ಲದ ಎತ್ತರದ ಅಂಗಳವನ್ನು ಮುಳುಗಿಸುತ್ತದೆ. ವರ್ಷ ವರ್ಷ ಮುಳುಗುವ ತೋಟ ಮಾತ್ರ ಒಣಗಿರುತ್ತದೆ! ಇನ್ನು 2000ದ ಆಮೇಲೆ ಕಡಿದ ಗುಡ್ಡಗಳು ಎಸ್‌ಆರ್‌ಟಿಎಂನಲ್ಲಿ ಇನ್ನೂ ಹಾಗೇ ನಿಂತಿವೆ. ಮರ, ಕಟ್ಟಡಗಳನ್ನು ಲೆಕ್ಕ ಹಾಕಿ ಕಳೆದ ತಿದ್ದಿದ ದತ್ತಾಂಶಗಳೂ ಈಗ ಬಂದಿವೆ, ಸ್ವಲ್ಪ ವಾಸಿ. ಆದರೆ ಒಂದಡಿ, ಎರಡಡಿ ನೀರಿನ ಮಾತಾಡುವ ಕಡೆ ಎತ್ತರದಲ್ಲಿ ಮೀಟರುಗಟ್ಟಲೆ ತಪ್ಪಿದ್ದರೆ ಏನು ಪ್ರಯೋಜನ? ಸರಿಯಾದ ದಾರಿ ಅಂದರೆ ವಿಮಾನದಿಂದಲೋ ಡ್ರೋನಿನಿಂದಲೋ ಲೇಸರ್ ಬಿಟ್ಟು ಅಳೆಯುವ ಲೈಡಾರ್. ಲೇಸರಿನ ಕೆಲವು ಕಿರಣಗಳಾದರೂ ಗರಿಗಳ ಸಂದಿಯಲ್ಲಿ ತೂರಿ ನೆಲ ಮುಟ್ಟಿ ಬರುತ್ತವೆ. ದುಬಾರಿ ನಿಜ. ಊರಿಡೀ ಬೇಡ, ತೋಡುಗಳ ಎರಡು ಬದಿ, ಗುಡ್ಡದ ಬುಡ, ಇಷ್ಟಕ್ಕೆ ಮಾಡಿದರೂ ಅರ್ಧ ಕೆಲಸ ಆದಂತೆ.

ಇನ್ನೊಂದು ದತ್ತಾಂಶ ಹಳೆಯ ಕಂದಾಯ ದಾಖಲೆಯಲ್ಲೇ ಇದೆ. ಕರಾವಳಿಯಲ್ಲಿ ಭತ್ತದ ಗದ್ದೆಯನ್ನು ಬೈಲು, ಮಜಲು, ಬೆಟ್ಟು ಅಂತ ಮೂರು ಮಾಡುತ್ತಾರೆ. ಬೈಲು ತಳದ ಗದ್ದೆ, ನೀರು ಜಾಸ್ತಿ ದಿನ ನಿಲ್ಲುತ್ತದೆ. ಮಜಲು ನಡುವಿನದ್ದು. ಬೆಟ್ಟು ಮೇಲಿನದ್ದು, ಮಳೆಯನ್ನೇ ನಂಬಿದ್ದು. ನೀರು ಎಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ಉಳುವವರು ತಲೆಮಾರುಗಳ ಕಾಲ ನೋಡಿ ಮಾಡಿದ ವಿಂಗಡಣೆ ಇದು. ಗದ್ದೆ ಹೋಗಿ ಲೇಔಟ್ ಬಂದಿರಬಹುದು, ನೆಲದ ಮಟ್ಟ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಹಳೆಯ ಗ್ರಾಮ ನಕ್ಷೆಯ ಮೇಲೆ ಈಗಿನ ರಸ್ತೆ ನಕ್ಷೆ ಇಟ್ಟು ನೋಡಿದರೆ ತೋಡು ಇದ್ದ ಜಾಗ ಯಾವುದು, ಅದರ ಮೇಲೆ ಈಗ ಏನಿದೆ ಎರಡೂ ತಿಳಿಯುತ್ತದೆ. ಬ್ರೆಜಿಲಿನ ವಿಜ್ಞಾನಿಗಳು ರೂಪಿಸಿದ ಒಂದು ವಿಧಾನವೂ ಹೆಚ್ಚುಕಡಿಮೆ ಇದೇ ಯೋಚನೆಯದ್ದು. ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ನೋಡದೆ, ಆ ಜಾಗದ ನೀರು ಹೋಗಿ ಸೇರುವ ತೋಡಿಗಿಂತ ಆ ಜಾಗ ಎಷ್ಟು ಎತ್ತರ ಅಂತ ನೋಡುವುದು. ಗುಡ್ಡದ ಮೇಲೆ 70 ಮೀಟರ್ ಎತ್ತರದಲ್ಲಿದ್ದರೂ ಪಕ್ಕದ ತೋಡಿಗಿಂತ ಬರೀ ಅರ್ಧ ಮೀಟರ್ ಮೇಲಿದ್ದರೆ ಆ ಮನೆ ನೆನೆಯುತ್ತದೆ. "ನಮ್ಮದು ಗುಡ್ಡದ ಮೇಲೆ, ನಮಗೇನು" ಅನ್ನುವವರಿಗೆ ತೋರಿಸಬೇಕಾದ ಲೆಕ್ಕ ಇದು.

ಎತ್ತರದ ನಂತರ ಅಡ್ಡಿಗಳು. ಹೆದ್ದಾರಿ, ರೈಲು ಹಳಿ, ಕಾಂಪೌಂಡ್ ಗೋಡೆ ಎಲ್ಲವೂ ನೀರಿಗೆ ಅಣೆಕಟ್ಟೇ. ರಾಷ್ಟ್ರೀಯ ಹೆದ್ದಾರಿ 66 ಮಂಗಳೂರಿನಲ್ಲಿ ಒಂದು ಕಡೆ ಗುಡ್ಡ ಹತ್ತಿ, ಇನ್ನೊಂದು ಕಡೆ ಬೈಲಿಗೆ ಇಳಿದು ಹೋಗುತ್ತದೆ. ಬೈಲು ದಾಟುವಲ್ಲಿ ಅದಕ್ಕೆ ಏರಿ ಹಾಕಲೇಬೇಕು, ಕೆಳಗೆ ಮೋರಿ ಇಡಲೇಬೇಕು. ಎತ್ತರದ ದತ್ತಾಂಶದಲ್ಲಿ ಏರಿ ಕಾಣುತ್ತದೆ, ಮೋರಿ ಕಾಣುವುದಿಲ್ಲ. ಕಂಪ್ಯೂಟರ್ ಅಲ್ಲಿ ಕೆರೆ ಕಟ್ಟಿಬಿಡುತ್ತದೆ. ಹಾಗಂತ ಎಲ್ಲ ಕಡೆ ಏರಿಯನ್ನು ಕತ್ತರಿಸಿ ನೀರು ಬಿಟ್ಟರೂ ತಪ್ಪು, ಯಾಕೆಂದರೆ ಆ ಮೋರಿ ಅರ್ಧ ಕಟ್ಟಿಕೊಂಡಿರುತ್ತದೆ. ಇದಕ್ಕೆ ಕುರ್ಚಿಯಲ್ಲಿ ಕೂತು ಪರಿಹಾರ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಟೇಪು ಹಿಡಿದು ತೋಡಿನ ಜೊತೆ ನಡೆಯಬೇಕು. ಪ್ರತಿ ಮೋರಿಯ ಅಗಲ, ಎತ್ತರ, ಹೂಳು ಎಷ್ಟು, ಒಳಗೆ ಪೈಪು ಇದೆಯಾ, ಎಲ್ಲ ಬರೆದುಕೊಳ್ಳಬೇಕು. ಬೇಜಾರಿನ ಕೆಲಸ, ವಾಸನೆಯ ಕೆಲಸ. ನಕ್ಷೆಯ ಬೆಲೆ ಮಾತ್ರ ಇಲ್ಲೇ ನಿರ್ಧಾರ ಆಗುವುದು.

ಮಳೆ ಯಾವುದನ್ನು ಹಾಕುವುದು? 'ನೂರು ವರ್ಷಕ್ಕೊಮ್ಮೆ ಬರುವ ಮಳೆ' ಅಂದಾಗ ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಪ್ರತಿ ವರ್ಷವೂ ಅದು ಬರುವ ಸಂಭವ 1% ಅಂತ ಅರ್ಥ. ಹಾಗೇ 25 ವರ್ಷದ ಮಳೆ ಅಂದರೆ ಪ್ರತಿ ವರ್ಷ 4%. ನೀವು 20 ವರ್ಷದ ಗೃಹಸಾಲ ತೀರಿಸುವಷ್ಟರಲ್ಲಿ ಅಂಥದ್ದೊಂದು ಒಮ್ಮೆಯಾದರೂ ಬರುವ ಸಂಭವ 56%. ನಮ್ಮ ಊರುಗಳ ಮಳೆನೀರಿನ ಚರಂಡಿಗಳನ್ನು ಸಾಮಾನ್ಯವಾಗಿ ಎರಡು ವರ್ಷದ ಅಥವಾ ಐದು ವರ್ಷದ ಮಳೆಗೆ ಲೆಕ್ಕ ಹಾಕಿ ಕಟ್ಟುತ್ತಾರೆ. ಅಂದರೆ ಎಲ್ಲ ಸರಿಯಾಗಿ ಕಟ್ಟಿದ್ದರೂ ಆಗಾಗ ಉಕ್ಕುವುದು ಲೆಕ್ಕದಲ್ಲೇ ಇದೆ. ಉಕ್ಕಿದ ನೀರು ಯಾವ ದಾರಿಯಲ್ಲಿ ಹೋಗಬೇಕು ಅನ್ನುವುದು ಮಾತ್ರ ಯಾರ ಲೆಕ್ಕದಲ್ಲೂ ಇರುವುದಿಲ್ಲ.

ಮಳೆಯ ಅಂಕಿಗೆ ನಮ್ಮ ರಾಜ್ಯದಲ್ಲಿ ಅಷ್ಟು ಬರವಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೆಚ್ಚುಕಡಿಮೆ ಗ್ರಾಮ ಪಂಚಾಯತಿಗೊಂದರಂತೆ ತಾನಾಗಿಯೇ ಅಂಕಿ ಕಳಿಸುವ ಮಳೆಮಾಪಕ ಇಟ್ಟಿದೆ, 15 ನಿಮಿಷಕ್ಕೊಮ್ಮೆ ಅಂಕಿ ಬರುತ್ತದೆ. 26 ನಿಮಿಷದ ಗುಡ್ಡಕ್ಕೆ ಇಂಥದ್ದೇ ಬೇಕು. ದಿನಕ್ಕೊಂದು ಅಂಕಿ ಕೊಡುವ ಹಳೆಯ ಮಾಪಕ ಇಲ್ಲಿ ಸಾಲದು.

ಕರಾವಳಿಯ ಊರಿಗೆ ಇನ್ನೊಂದು ತಾಪತ್ರಯ ಉಬ್ಬರ. ಮಂಗಳೂರಿನಲ್ಲಿ ಸಮುದ್ರದ ಏರಿಳಿತ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇನೂ ದೊಡ್ಡದಲ್ಲ. ಆದರೆ ರಾಜಕಾಲುವೆಯ ಕೊನೆಯ ಭಾಗದಲ್ಲಿ ಇಳಿಜಾರೇ ಅಷ್ಟಿಲ್ಲ. ಉಬ್ಬರದ ಹೊತ್ತಿಗೆ ನದಿಯ ನೀರು ಮೇಲೆ ಬಂದಿರುತ್ತದೆ, ಅದೇ ಹೊತ್ತಿಗೆ ಘಟ್ಟದ ಮಳೆಗೆ ನೇತ್ರಾವತಿ ತುಂಬಿ ಹರಿಯುತ್ತಿದ್ದರೆ ಇನ್ನೂ ಮೇಲೆ. ಊರಿನ ನೀರು ಹೊರಗೆ ಹೋಗಲಾರದೆ ಹಿಂದಕ್ಕೆ ನಿಲ್ಲುತ್ತದೆ. ಹಾಗಾಗಿ ಒಂದೇ ಮಳೆಗೆ ಕನಿಷ್ಠ ಎರಡು ನಕ್ಷೆ ಬೇಕು, ಇಳಿತದ್ದೊಂದು, ಉಬ್ಬರದ್ದೊಂದು.

ಇಷ್ಟು ಸಾಮಾನು ಇದ್ದರೆ ಲೆಕ್ಕ ಹಾಕುವ ತಂತ್ರಾಂಶಗಳು ಪುಕ್ಕಟೆಯೇ ಸಿಗುತ್ತವೆ. ಅಮೆರಿಕದ ಪರಿಸರ ಸಂಸ್ಥೆಯ ಸ್ವಿಮ್ ಎಂಬುದು ಚರಂಡಿಯೊಳಗಿನ ನೀರಿಗೆ, ಅಲ್ಲಿನ ಸೇನೆಯ ಎಂಜಿನಿಯರುಗಳ ಹೆಕ್-ರಾಸ್ ಎಂಬುದು ತೋಡು ಮತ್ತು ನೆಲದ ಮೇಲೆ ಹರಡುವ ನೀರಿಗೆ. ನಕ್ಷೆ ಬಿಡಿಸಲು ಕ್ಯೂಜಿಐಎಸ್. ಕಾಸು ಖರ್ಚಾಗುವುದು ತಂತ್ರಾಂಶಕ್ಕಲ್ಲ, ಆ ಟೇಪು ಹಿಡಿದ ನಡಿಗೆಗೆ.

ಇದನ್ನು ತಪ್ಪಿಸಿಕೊಳ್ಳಲು ಒಂದು ಅಡ್ಡದಾರಿ ಇದೆ, ಬಹಳ ಜನಪ್ರಿಯ. ಇಳಿಜಾರು, ಎತ್ತರ, ಮಳೆ, ಮಣ್ಣು, ತೋಡಿನಿಂದ ದೂರ, ಭೂಬಳಕೆ ಅಂತ ಏಳೆಂಟು ಪದರ ತೆಗೆದುಕೊಂಡು, ಪ್ರತಿಯೊಂದಕ್ಕೂ ಇಷ್ಟಿಷ್ಟು ಅಂಕ ಅಂತ ಕೊಟ್ಟು, ಎಲ್ಲ ಕೂಡಿಸಿ ಹಸಿರು, ಹಳದಿ, ಕೆಂಪು ಬಳಿಯುವುದು. ಸಂಶೋಧನಾ ಪ್ರಬಂಧಗಳಲ್ಲಿ ಇಂಥ ನಕ್ಷೆ ಬೇಕಾದಷ್ಟಿವೆ. ನೋಡಲು ಚಂದ. ಜಿಲ್ಲೆಯಷ್ಟು ದೊಡ್ಡ ಜಾಗದಲ್ಲಿ ಮೊದಲು ಎಲ್ಲಿ ಗಮನ ಕೊಡಬೇಕು ಅಂತ ತಿಳಿಯಲು ಉಪಯೋಗಕ್ಕೂ ಬರುತ್ತದೆ. ಆದರೆ ಅಂಕ ಕೊಟ್ಟವರು ಬದಲಾದರೆ ಬಣ್ಣವೂ ಬದಲಾಗುತ್ತದೆ. ಹದಿನೈದು ಕಿಲೋಮೀಟರಿನ ಊರಿಗೆ ಮೂರು ಮಾಪಕದ ಮಳೆ ಹಂಚಿ 'ಮಳೆಯ ಪದರ' ಅನ್ನುವುದು ಸುಮ್ನೆ ಜಾಗ ತುಂಬಿಸಲು. ಎಲ್ಲಕ್ಕಿಂತ ಮುಖ್ಯವಾಗಿ, ಕೆಂಪು ಬಣ್ಣದ ಜಾಗದಲ್ಲಿ ನೀರು ಪಾದ ಮುಳುಗುವಷ್ಟಾ, ಸೊಂಟ ಮುಳುಗುವಷ್ಟಾ ಅನ್ನುವುದನ್ನು ಆ ನಕ್ಷೆ ಹೇಳುವುದಿಲ್ಲ. ಮನೆಯವರಿಗೆ ಬೇಕಾದದ್ದು ಅದೊಂದೇ.

ಆಳದ ಜೊತೆ ವೇಗ ಕೂಡ ಬೇಕು. ಗುಡ್ಡದ ರಸ್ತೆಯಲ್ಲಿ ನೀರು ಆಳ ಇರುವುದಿಲ್ಲ, ಓಟ ಇರುತ್ತದೆ. ಆಸ್ಟ್ರೇಲಿಯಾದವರು ಇದಕ್ಕೆ ಸರಳ ಲೆಕ್ಕ ಮಾಡಿದ್ದಾರೆ. ಮೀಟರಿನಲ್ಲಿ ಆಳ, ಸೆಕೆಂಡಿಗೆ ಎಷ್ಟು ಮೀಟರ್ ಅಂತ ವೇಗ, ಎರಡನ್ನೂ ಗುಣಿಸುವುದು. ಉತ್ತರ 0.3 ದಾಟಿದರೆ ಸಣ್ಣ ಕಾರಿಗೆ ಅಪಾಯ, ನಿಂತ ನೀರಾದರೂ ಒಂದಡಿ ದಾಟಿದರೆ ಸಣ್ಣ ಕಾರು ತೇಲಲು ಶುರುವಾಗುತ್ತದೆ. 0.6 ದಾಟಿದರೆ ದೊಡ್ಡವರೂ ನಿಲ್ಲುವುದು ಕಷ್ಟ. ಈಗ ನೋಡಿ, ಇಳಿಜಾರು ರಸ್ತೆಯಲ್ಲಿ ಬರೀ ಒಂದಡಿ ನೀರು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಬರುತ್ತಿದೆ. 0.3 ಗುಣಿಸು 2, ಅಲ್ಲಿಗೆ 0.6. ಆಳ ಮಾತ್ರ ತೋರಿಸುವ ನಕ್ಷೆಯಲ್ಲಿ ಈ ರಸ್ತೆ ತಿಳಿ ನೀಲಿ, ಅಂದರೆ 'ಪರವಾಗಿಲ್ಲ'. ಶಾಲೆಯಿಂದ ಬರುವ ಮಗು ಜಾರುವುದು ಅಲ್ಲೇ, ತೆರೆದ ಚರಂಡಿ ಕಾಣದೆ ಬೈಕು ಹೋಗುವುದೂ ಅಲ್ಲೇ.

ಇನ್ನು ನಷ್ಟದ ನಕ್ಷೆ. ಇದರಲ್ಲಿ ಕಟ್ಟಡದ ಲೆಕ್ಕ ಸುಲಭ, ಜನರ ಲೆಕ್ಕ ಕಷ್ಟ. ಆಸ್ತಿ ತೆರಿಗೆಯ ಪಟ್ಟಿಯಲ್ಲಿ ಮನೆಯ ಯಜಮಾನರು ಸಿಗುತ್ತಾರೆ, ಬಾಡಿಗೆಯವರು ಸಿಗುವುದಿಲ್ಲ. ಕಡಿದ ಗುಡ್ಡದ ಬುಡದಲ್ಲೇ ತಗಡಿನ ಶೆಡ್ ಹಾಕಿಕೊಂಡಿರುವ ಕಟ್ಟಡ ಕೆಲಸದವರು, ಅವರಲ್ಲಿ ಉತ್ತರ ಕರ್ನಾಟಕದವರೂ ಉತ್ತರ ಭಾರತದವರೂ ಇದ್ದಾರೆ, ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಎಲ್ಲರಿಗಿಂತ ಮೊದಲು ಪೆಟ್ಟು ಬೀಳುವುದು ಅವರಿಗೆ. ಹೊತ್ತು ಕೂಡ ಲೆಕ್ಕಕ್ಕೆ ಬರುತ್ತದೆ. ಬೆಳಗಿನ ಒಂಬತ್ತಕ್ಕೆ ಅಪಾಯ ಇರುವುದು ರಸ್ತೆಯಲ್ಲಿ, ರಾತ್ರಿ ಎರಡಕ್ಕೆ ಮನೆಯಲ್ಲಿ.

ನಮ್ಮ ಕಡೆಯ ನಷ್ಟದಲ್ಲಿ ಹೊರಗಿನವರ ಲೆಕ್ಕದ ಮಾದರಿಗಳಿಗೆ ಗೊತ್ತೇ ಇಲ್ಲದ ಒಂದು ಬಾಬ್ತು ಬಾವಿ. ಕರಾವಳಿಯಲ್ಲಿ ಎಷ್ಟೋ ಮನೆಗಳಿಗೆ ಕುಡಿಯುವ ನೀರು ಅಂಗಳದ ಬಾವಿಯದ್ದೇ. ಅದೇ ಅಂಗಳದ ಇನ್ನೊಂದು ಮೂಲೆಯಲ್ಲಿ ಶೌಚದ ಗುಂಡಿ. ನೆರೆಯ ನೀರು ಎರಡು ಗಂಟೆಯಲ್ಲಿ ಇಳಿದು ಹೋಗುತ್ತದೆ, ಪೇಪರಿನವರೂ ಹೋಗುತ್ತಾರೆ. ಕೆಟ್ಟ ಬಾವಿ ಮಾತ್ರ ವಾರಗಟ್ಟಲೆ ಹಾಗೇ ಇರುತ್ತದೆ. ಹಿಂದೆಯೇ ಇಲಿಜ್ವರ, ಆಮೇಲೆ ಡೆಂಗಿ. ಒಂದಡಿ ನೀರಿಗೆ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಗುಂಡಿ, ಪಾರ್ಕಿಂಗ್‌ನ ಕಾರು ಹಾಳಾಗಬಹುದು, ಅದಕ್ಕೆ ವಿಮೆ ಇದೆ. ಅದೇ ಒಂದಡಿ ನೀರಿಗೆ ಹಂಚಿನ ಮನೆಯಲ್ಲಿ ಅಕ್ಕಿ, ಹಾಸಿಗೆ, ಹೊಲಿಗೆ ಮಿಷನ್, ಬಾವಿ ನಾಲ್ಕೂ ಹೋಗುತ್ತದೆ. ರೂಪಾಯಿಯಲ್ಲಿ ಲೆಕ್ಕ ಹಾಕಿದರೆ ಕಾರೇ ದೊಡ್ಡ ನಷ್ಟ. ಹಾಗಾಗಿ ನಷ್ಟದ ನಕ್ಷೆಯನ್ನು ಬರೀ ರೂಪಾಯಿಯಲ್ಲಿ ಮಾಡಬಾರದು, ಎಷ್ಟು ದಿನದಲ್ಲಿ ಮನೆ ಮೊದಲಿನಂತಾಗುತ್ತದೆ ಎಂಬ ಲೆಕ್ಕವೂ ಇರಬೇಕು.

ನಕ್ಷೆ ಸರಿಯಿದೆಯಾ ಅಂತ ನೋಡುವುದು ಹೇಗೆ? ಗೋಡೆ ನೋಡಿ. ಸುಣ್ಣದ ಗೋಡೆಯ ಮೇಲೆ ಕೆಂಪು ಮಣ್ಣಿನ ಗೆರೆ, ಶಟರಿನ ಕೆಳಗಿನ ತುಕ್ಕು, ಹೊಸ್ತಿಲಿನ ಮೇಲೆ ಆಮೇಲೆ ಕಟ್ಟಿದ ಒಂದು ಸಾಲು ಇಟ್ಟಿಗೆ. ಅಂಗಡಿಯವರು ಸುಮ್ನೆ ಸಿಮೆಂಟ್ ಖರ್ಚು ಮಾಡುವುದಿಲ್ಲ, ಆ ಇಟ್ಟಿಗೆ ಸಾಲಿನ ಎತ್ತರವೇ ಅಲ್ಲಿಯ ನೀರಿನ ದಾಖಲೆ. ಜನರನ್ನು ಕೇಳುವಾಗ "ಎಷ್ಟು ನೀರು ಬಂದಿತ್ತು" ಅಂದರೆ "ತುಂಬಾ" ಅಂತಾರೆ. "ಗ್ಯಾಸ್ ಸಿಲಿಂಡರ್ ತೇಲಿತಾ, ಸ್ಕೂಟರಿನ ಸೈಲೆನ್ಸರಿಗೆ ಹೊಕ್ಕಿತಾ" ಅಂತ ಕೇಳಿದರೆ ಇಂಚಿನ ಲೆಕ್ಕದಲ್ಲಿ ಉತ್ತರ ಸಿಗುತ್ತದೆ. ಮೊಬೈಲಿನ ಹಳೆಯ ವಿಡಿಯೋಗಳಲ್ಲಿ ಹೊತ್ತು, ದಿನಾಂಕ ಎರಡೂ ಇರುತ್ತದೆ, ಅದನ್ನು 15 ನಿಮಿಷದ ಮಳೆಯ ಅಂಕಿಯ ಪಕ್ಕ ಇಟ್ಟರೆ ಕಂಪ್ಯೂಟರ್ ಲೆಕ್ಕದ ಬಣ್ಣ ಬಯಲಾಗುತ್ತದೆ.

ಈಗ ಆ ಮೂರನೆಯ ನಕ್ಷೆ. ಮೊದಲ ಎರಡು ನಕ್ಷೆಗಳಲ್ಲಿ ಬಣ್ಣ ಇರುವುದೆಲ್ಲ ಕೆಳಗೆ. ಗುಡ್ಡದ ಮೇಲೆ ಬಿಳಿ. ಅದನ್ನು ನೋಡಿದ ಯಾರಿಗಾದರೂ ಅನಿಸುವುದು ಏನು? ಮೇಲೆ ಕಟ್ಟುವುದಕ್ಕೆ ತೊಂದರೆ ಇಲ್ಲ ಅಂತ. ಪರವಾನಗಿ ಕೊಡುವ ಮೇಜಿನಲ್ಲೂ ಹಾಗೇ ಅನಿಸುತ್ತದೆ. ಕೆಳಗಿನ ಸೆಕೆಂಡಿಗೆ 15,000 ಲೀಟರ್ ಹುಟ್ಟುವುದು ಮಾತ್ರ ಆ ಬಿಳಿ ಜಾಗದಲ್ಲೇ. ನೀರು ಕಳಿಸುವವರು ಒಬ್ಬರು, ಮುಳುಗುವವರು ಇನ್ನೊಬ್ಬರು, ಗುಡ್ಡದ ಊರಿನ ಇಡೀ ತಂಟೆ ಇದು. ಹಾಗಾಗಿ ಮೇಲಿನ ಒಂದೊಂದು ಜಾಗಕ್ಕೂ ಬಣ್ಣ ಬೇಕು: ಇಲ್ಲಿ ನೆಲ ಮುಚ್ಚಿದರೆ ಕೆಳಗಿನ ಯಾವ ಮೋರಿಗೆ ಎಷ್ಟು ನೀರು ಸೇರುತ್ತದೆ, ಎಷ್ಟು ನಿಮಿಷ ಮೊದಲೇ ಸೇರುತ್ತದೆ ಎಂದು ಹೇಳುವ ಬಣ್ಣ. ಇದಕ್ಕೆ ಹೊಸ ಲೆಕ್ಕವೇನೂ ಬೇಡ, ನೀರಿನ ನಕ್ಷೆ ಮಾಡುವಾಗ ಹಾಕಿದ ಲೆಕ್ಕವನ್ನೇ ತಿರುಗಿಸಿ ಓದಬೇಕು ಅಷ್ಟೇ. ವಾರ್ಡಿನ ಗಡಿಯನ್ನು ಇದರಲ್ಲಿ ಮರೆತುಬಿಡಬೇಕು. ತೋಡಿಗೆ ವಾರ್ಡ್ ಗೊತ್ತಿಲ್ಲ. ಒಂದು ತೋಡಿಗೆ ನೀರು ಕೊಡುವ ಎಲ್ಲ ಗುಡ್ಡಗಳೂ ಸೇರಿ ಒಂದು ನಕ್ಷೆ.

ಹಾಂಕಾಂಗ್‌ನವರು ಈ ಯೋಚನೆಯನ್ನು ಸುರಂಗವಾಗಿ ಕಟ್ಟಿದ್ದಾರೆ. ಅಲ್ಲೂ ಕಡಿದಾದ ಗುಡ್ಡ, ಬುಡದಲ್ಲಿ ಕಿಕ್ಕಿರಿದ ಪೇಟೆ, ಆಚೆ ಸಮುದ್ರ. ಪೇಟೆಯ ಚರಂಡಿಯನ್ನು ಅಗಲ ಮಾಡಲು ಜಾಗವೇ ಇರಲಿಲ್ಲ. ಅದಕ್ಕೇ ಗುಡ್ಡದ ಅರ್ಧಭಾಗದಲ್ಲೇ ನೀರನ್ನು ಹಿಡಿದು, ಸುಮಾರು 11 ಕಿಲೋಮೀಟರ್ ಉದ್ದದ ಸುರಂಗದಲ್ಲಿ ಪೇಟೆಗೆ ಬರದ ಹಾಗೆ ಸಮುದ್ರಕ್ಕೆ ಬಿಟ್ಟರು. 2012ರಲ್ಲಿ ಅದು ಶುರುವಾಯಿತು. ನಮಗೆ ಅಷ್ಟು ದೊಡ್ಡ ಸುರಂಗದ ದುಡ್ಡಿಲ್ಲ, ಬೇಕಾಗಿಯೂ ಇಲ್ಲ. ಗುಡ್ಡದ ಮೇಲಿನ ಪ್ರತಿ ಅಪಾರ್ಟ್‌ಮೆಂಟ್ ಮೊದಲ ಅರ್ಧ ಗಂಟೆಯ ನೀರನ್ನು ಒಂದು ತೊಟ್ಟಿಯಲ್ಲಿ ಹಿಡಿದು ಆಮೇಲೆ ನಿಧಾನವಾಗಿ ಬಿಟ್ಟರೆ ಕೆಳಗಿನ ಮೋರಿಗೆ ಉಸಿರಾಡಲು ಹೊತ್ತು ಸಿಗುತ್ತದೆ. ನೀರು ಇಂಗಿಸುವ ಉತ್ಸಾಹದಲ್ಲಿ ಕಡಿದ ಗುಡ್ಡದ ಅಂಚಿನಲ್ಲಿ ಇಂಗುಗುಂಡಿ ತೋಡುವುದು ಮಾತ್ರ ಬೇಡವೇ ಬೇಡ. ಶೇಡಿ ಮಣ್ಣಿನ ಕಥೆ ಆಗಲೇ ಹೇಳಿದೆನಲ್ಲ.

ಯಾರಾದರೂ ನಿಮ್ಮ ಊರಿನ ನೆರೆ ನಕ್ಷೆ ಅಂತ ತಂದು ತೋರಿಸಿದರೆ ಬಣ್ಣ ನೋಡುವ ಮೊದಲು ಇಷ್ಟು ಕೇಳಿ. ನೆಲದ ಎತ್ತರ ಯಾವ ವರ್ಷದ್ದು, ಮರ ಕಳೆದಿದ್ದೀರಾ? ಎಷ್ಟು ವರ್ಷಕ್ಕೊಮ್ಮೆ ಬರುವ ಮಳೆಗೆ, ಎಷ್ಟು ನಿಮಿಷದ ಮಳೆಗೆ? ಮೋರಿಗಳನ್ನು ಅಳೆದಿದ್ದೀರಾ, ಹೂಳು ಸಮೇತವಾ? ಉಬ್ಬರ ಹಾಕಿದ್ದೀರಾ? ಈ ಕೆಂಪು ಅಂದರೆ ಎಷ್ಟು ಅಡಿ ನೀರು? ಇವುಗಳಲ್ಲಿ ಕನಿಷ್ಠ ಎರಡು ಪ್ರಶ್ನೆಗಾದರೂ ಉತ್ತರ ಬರದಿದ್ದರೆ ಆ ನಕ್ಷೆ ಗೋಡೆಗೆ ಹಾಕಲು ಚೆನ್ನಾಗಿರುತ್ತದೆ.

ಸೈಟು, ಮನೆ ನೋಡಲು ಹೋಗುವವರು ಜನವರಿಯಲ್ಲಿ ಹೋಗಬೇಡಿ, ಜುಲೈಯಲ್ಲಿ ಹೋಗಿ. ಜೋರು ಮಳೆ ಶುರುವಾಗಿ ಅರ್ಧ ಗಂಟೆಗೆ ಅಲ್ಲಿ ನಿಂತಿರುವ ಹಾಗೆ ನೋಡಿಕೊಳ್ಳಿ. ಹಿಂದೆ ಕಡಿದ ಗುಡ್ಡ ಇದ್ದರೆ ತಡೆಗೋಡೆಯಲ್ಲಿ ನೀರು ಹೊರಬರುವ ತೂತುಗಳಿವೆಯಾ, ಅದರಲ್ಲಿ ಬರುವ ನೀರು ತಿಳಿಯಾ, ಕೆಸರಾ ನೋಡಿ. ಕೆಸರು ಬರುತ್ತಿದ್ದರೆ ಗೋಡೆಯ ಹಿಂದಿನ ಮಣ್ಣು ಖಾಲಿಯಾಗುತ್ತಿದೆ ಅಂತ. ಗುಡ್ಡದ ಮೇಲಕ್ಕೂ ಒಮ್ಮೆ ಹತ್ತಿ ಬನ್ನಿ, ಅಲ್ಲಿ ಜೆಸಿಬಿ ನಿಂತಿದ್ದರೆ ಅಡ್ವಾನ್ಸ್ ಕೊಡುವ ಮೊದಲು ಇನ್ನೊಂದು ಮಳೆಗಾಲ ಕಾಯಿರಿ.